ಪ್ರಮೀಳಾ ವೈನಿಯ ಹಿತ್ತಲು

ನಮ್ಮ ಶಾಲೆಗೆ ಈ ವರ್ಷ ಹೊಸ ಕಂಪೌಂಡ್ ಗೋಡೆ ಕಟ್ಟುತ್ತಿದ್ದಾರೆ. ಮೊನ್ನೆ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಕೆಲಸದಾಕೆಯೊಬ್ಬಳು ಪೈಪು ಹಿಡಿದು ಗೋಡೆಗೆ ನೀರು ಹೊಡೆಯುತ್ತಿದ್ದಳು. ಹಸಿ ಸಿಮೆಂಟಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಳೆಯ ವಾಸನೆಯಂತೆ ಶುರುವಾಗಿ ಆಮೇಲೆ ಸುಣ್ಣದ ಹಾಗೆ ಮೂಗಿಗೆ ಒಗರಾಗಿ ಹತ್ತುತ್ತದೆ. ಹಾಜರಿ ಪುಸ್ತಕ ಹಿಡಿದುಕೊಂಡು ನಾನು ಅಲ್ಲೇ ನಿಂತುಬಿಟ್ಟೆ. ಹುಡುಗಿಯರು ನಮಸ್ಕಾರ ಹೇಳುತ್ತ ದಾಟಿ ಹೋದರು, ಉತ್ತರ ಕೊಟ್ಟೆನೋ ಇಲ್ಲವೋ ಗೊತ್ತಿಲ್ಲ. ಮುದ್ದೇಬಿಹಾಳದ ಒಂದು ಮಾಳಿಗೆ, ಅದರ ಕೆಳಗಿನ ಗಾರೆ ಮೆತ್ತದ ಇಟ್ಟಿಗೆ ಗೋಡೆ, ನಾನು ಕೂತಲ್ಲಿ ಕೂರಲಾರದೆ ಕಳೆದ ಆ ಬೇಸಿಗೆ, ಎಲ್ಲ ಒಮ್ಮೆಲೇ ಮುಂದೆ ಬಂದು ನಿಂತವು.

ಆ ವರ್ಷ ನಾನು ವಿಜಯಪುರದಿಂದ ಸಿಂದಗಿಗೆ ವರ್ಗವಾಗಿ ಬಂದಿದ್ದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ. ನನ್ನ ಯಜಮಾನರ ನೌಕರಿ ಕಲಬುರಗಿಯಲ್ಲಿ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಮಗಳು ಧಾರವಾಡದಲ್ಲಿ ಓದುತ್ತಿದ್ದಳು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಮಹಡಿಯ ಮೇಲಿನ ಎರಡು ಕೋಣೆ ನನ್ನ ಬಾಡಿಗೆ ಮನೆ. ವಿಜಯಪುರದಲ್ಲಿ ಹತ್ತು ವರ್ಷ ಕೈಯಾರೆ ಬೆಳೆಸಿದ ಗಿಡಗಳನ್ನು ಅಲ್ಲೇ ಬಿಟ್ಟು ಬಂದಿದ್ದೆ. ಇಲ್ಲಿ ನೆಲವೇ ಇರಲಿಲ್ಲ. ಬಣ್ಣದ ಖಾಲಿ ಬಕೆಟ್ಟು, ಎಣ್ಣೆಯ ಡಬ್ಬಿ, ಅಂಚು ಒಡೆದ ಒಂದು ಟಬ್ಬು. ಅವುಗಳಲ್ಲಿ ತುಳಸಿ, ಕರಿಬೇವು, ಎರಡು ದಾಸವಾಳ. ಮನೆಯ ಮಾಲೀಕರು ಮಗನ ಮದುವೆಯ ಸುದ್ದಿ ಎತ್ತಿದಾಗಲೆಲ್ಲ, ಮನೆ ಬಿಡಿ ಅಂದರೆ ಇವನ್ನೆಲ್ಲ ಹೊತ್ತುಕೊಂಡು ಎಲ್ಲಿಗೆ ಹೋಗಲಿ ಎಂದು ಚಿಂತೆ ಹತ್ತುತ್ತಿತ್ತು.

ಆಗ ನನಗೆ ಜೊತೆ ಎಂದು ಇದ್ದದ್ದು ಮೊಬೈಲಿನ ಒಂದು ಗುಂಪು. ಒಮ್ಮೆ ವಿಜಯಪುರದ ಫಲಪುಷ್ಪ ಪ್ರದರ್ಶನದಲ್ಲಿ ಕಸಿ ಗುಲಾಬಿಗಾಗಿ ಪಾಳಿ ಹಚ್ಚಿದ್ದೆವು. ನಮ್ಮ ಪಾಳಿ ಬರುವುದರೊಳಗೆ ಗಿಡ ಮುಗಿದುಹೋದವು. ಬರಿಗೈಲಿ ಉಳಿದ ನಾವು ನಾಲ್ಕು ಮಂದಿ ಒಂದೇ ಬೇವಿನ ಮರದ ನೆರಳಿಗೆ ಕೂತು ಚಹಾ ಕುಡಿದೆವು. ಏಳುವ ಹೊತ್ತಿಗೆ ಗುಂಪು ಆಗಿತ್ತು. "ಹಿತ್ತಲ ಮಂದಿ" ಎಂದು ಅದಕ್ಕೆ ಹೆಸರಿಟ್ಟವರು ಇಂಡಿಯ ಮಹಾದೇವಿ ಅಕ್ಕ. ಊರ ಹೊರಗೆ ಅವರದು ಲಿಂಬೆಯ ತೋಟ. ಮಾತು ನೆಟ್ಟಗೆ, ದನಿ ದೊಡ್ಡದು. ಬಸವನ ಬಾಗೇವಾಡಿಯಿಂದ ಗುರುಪಾದ ಮಾಸ್ತರರು, ನಿವೃತ್ತ ಚಿತ್ರಕಲಾ ಶಿಕ್ಷಕರು; ಅಂಗಳದ ತುಂಬ ಗುಲಾಬಿ ಮತ್ತು ಸೇವಂತಿಗೆ. ನಾಲ್ಕನೆಯವರು ಮುದ್ದೇಬಿಹಾಳದ ಪ್ರಮೀಳಾ; ನಮ್ಮ ಕಡೆ ಅತ್ತಿಗೆಯನ್ನು ಕರೆಯುವಂತೆ ನನಗೆ ಅವರು ವೈನಿ.

ದಿನಾ ಬೆಳಗ್ಗೆ ಆರೂವರೆಯಿಂದ ಮಾತು ಶುರುವಾಗುತ್ತಿತ್ತು. ಬರೆಯುವುದಕ್ಕಿಂತ ದನಿ ಕಳಿಸುವುದೇ ಹೆಚ್ಚು. ಮೊದಲು ಹವಾ: ಗಾಳಿ ಯಾವ ಕಡೆಯದು, ಮೋಡ ಕಟ್ಟಿತೋ ಇಲ್ಲವೋ, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ. ಆಮೇಲೆ ಮನೆ. ಮಹಾದೇವಿ ಅಕ್ಕನ ಅತ್ತೆ ಮಜ್ಜಿಗೆಗೆ ಉಪ್ಪು ಹೆಚ್ಚಾಯಿತೆಂದು ಎರಡು ದಿನ ಮಾತು ಬಿಟ್ಟದ್ದು, ಮಾಸ್ತರರ ಹೆಂಡತಿಯ ಮೊಣಕಾಲು ನೋವು, ನನ್ನ ಯಜಮಾನರು ಈ ಸಲ ಇಸ್ತ್ರಿ ಅರಿವೆ ಮರೆತು ಹೋದದ್ದು. ಕೊನೆಗೆ ಗಿಡ. ಯಾರದಾದರೂ ಗಿಡದ ಎಲೆ ಮುರುಟಿದರೆ ಮೂರು ಊರಿನಿಂದ ಮದ್ದು ಬರುತ್ತಿತ್ತು. ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಗುರುತಿನ ಕಂಡಕ್ಟರ್ ಕೈಗೆ ಕೊಟ್ಟು ಬಸ್ಸಿನಲ್ಲಿ ಕಳಿಸುತ್ತಿದ್ದೆವು. ಒಬ್ಬರ ಮನೆಯನ್ನು ಇನ್ನೊಬ್ಬರು ನೋಡಿರಲಿಲ್ಲ, ಆದರೆ ಯಾರ ಮನೆಯ ಯಾವ ಮೂಲೆಯಲ್ಲಿ ಯಾವ ಗಿಡ ಇದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವರಾಗಿದ್ದೆವು.

ನಮ್ಮೆಲ್ಲರಲ್ಲಿ ನಿಜವಾದ ಹಿತ್ತಲು ಇದ್ದದ್ದು ಪ್ರಮೀಳಾ ವೈನಿಗೆ. ಮದುವೆಯಾಗಿ ಬಂದ ವರ್ಷ ಅಲ್ಲಿ ಬರೀ ಕಲ್ಲು, ಬೂದಿ ಇತ್ತಂತೆ. ಇಪ್ಪತ್ತೆರಡು ವರ್ಷದಲ್ಲಿ ಪಾರಿಜಾತ, ದುಂಡುಮಲ್ಲಿಗೆ, ಅಬ್ಬಲಿಗೆಯ ಸಾಲು, ಲಿಂಬೆ, ಮಾಸ್ತರರು ಕಳಿಸಿದ ಹಳದಿ ಸೇವಂತಿಗೆ ಎಲ್ಲ ಬಂದಿದ್ದವು. ದಿನಕ್ಕೊಂದು ಫೋಟೋ ಹಾಕುತ್ತಿದ್ದರು. ಮೆತ್ತಗಿನ ದನಿಯಲ್ಲಿ ಸುದ್ದಿ ಹೇಳುತ್ತಿದ್ದರು: "ಇಂದಿರಾಬಾಯಿ, ಇವತ್ತ ಮಲ್ಲಿಗಿ ಮೂವತ್ತ ಮೊಗ್ಗಿ ಬಿಟ್ಟಾವ್ರಿ. ಮುಂಜಾನೆ ಎಣಿಸೀನಿ."

ನಾನು ಭಾಳ ಚಲೋ ಅಂತ ಬರೆಯುತ್ತಿದ್ದೆ. ಒಳಗೊಳಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ಆಗ ನಾನು ಒಪ್ಪಿಕೊಂಡಿರಲಿಲ್ಲ, ಈಗ ಒಪ್ಪಿಕೊಳ್ಳದೆ ಈ ಕತೆಯನ್ನು ಹೇಳಲಾರೆ.

ಯುಗಾದಿ ಮುಗಿಯಿತು, ಪರೀಕ್ಷೆ ಮುಗಿದವು, ಶಾಲೆಗೆ ರಜೆ ಬಿತ್ತು. ಬಕೆಟ್ಟುಗಳಿಗೆ ನೀರು ಹಾಕುವವರಿಲ್ಲ ಎಂಬ ನೆಪ ಹೇಳಿ ನಾನು ಕಲಬುರಗಿಗೆ ಹೋಗಲಿಲ್ಲ. ಆ ಸಲದ ಬಿಸಿಲು ಕೆಟ್ಟದಾಗಿತ್ತು. ಹತ್ತು ಗಂಟೆಗೆ ಮಾಳಿಗೆಯ ಮೇಲೆ ಕಾಲಿಡಲಾಗುತ್ತಿರಲಿಲ್ಲ. ದಾಸವಾಳದ ಒಂದು ಗಿಡ ಹೋಯಿತು. ನೆರಳಿಗೆಂದು ಕಟ್ಟಿದ ಹಳೆಯ ಸೀರೆಯನ್ನು ಗಾಳಿ ಎರಡು ಸಲ ಹರಿಯಿತು. ಮಹಾದೇವಿ ಅಕ್ಕನ ತೋಟದಲ್ಲಿ ಲಿಂಬೆಯ ಹೀಚು ಉದುರುತ್ತಿತ್ತು. ಮಾಸ್ತರರು ಗುಲಾಬಿ ಗಿಡಗಳಿಗೆ ಒದ್ದೆ ಅರಿವೆ ಹೊದಿಸಿ ಕೂತಿದ್ದರು. ಎಲ್ಲರ ಸುದ್ದಿಯೂ ಒಣಗುವ ಸುದ್ದಿಯೇ. ಪ್ರಮೀಳಾ ವೈನಿಯ ಹಿತ್ತಲಲ್ಲಿ ಮಾತ್ರ ಎಲ್ಲ ಹಸಿರು.

ಒಮ್ಮೆ ಅವರು, ನಿನ್ನೆ ಸಂಜೆ ನಮ್ಮಲ್ಲಿ ನಾಲ್ಕು ಹನಿ ಬಿತ್ತು ಎಂದರು. ನನ್ನ ಜೊತೆ ಕೆಲಸ ಮಾಡುವ ಶಿಕ್ಷಕಿಯೊಬ್ಬಳ ತವರು ಮುದ್ದೇಬಿಹಾಳ. ಆಕೆಗೆ ಫೋನ್ ಹಚ್ಚಿ ವಿಚಾರಿಸಿದೆ. ಮೋಡ ಕೂಡ ಆಗಿರಲಿಲ್ಲ. ಒಬ್ಬರು ಹೇಳಿದ ಮಳೆಯನ್ನು ಇನ್ನೊಬ್ಬರ ಹತ್ತಿರ ಕೇಳಿ ತಾಳೆ ನೋಡುವಷ್ಟು ಸಣ್ಣವಳಾಗಿದ್ದೆ ನಾನು.

ಅದಾದ ವಾರಕ್ಕೆ ಮಾಸ್ತರರು ತಾವು ಕೊಟ್ಟ ಸೇವಂತಿಗೆ ಈ ಬಿಸಿಲಿಗೆ ಉಳಿದಿದೆಯೇ ಎಂದು ವೈನಿಯನ್ನು ಕೇಳಿದರು. ಅರ್ಧ ಗಂಟೆಯಲ್ಲಿ ಫೋಟೋ ಬಂತು. ಗಿಡದ ತುಂಬ ಹಳದಿ ಹೂವು, ನೆಲ ಒದ್ದೆ, ಪಕ್ಕದಲ್ಲಿ ಉದುರಿದ ನಾಲ್ಕು ಪಾರಿಜಾತ. ನನ್ನ ಕಣ್ಣು ಅಲ್ಲೇ ನಿಂತಿತು. ಸೇವಂತಿಗೆ ಹಗಲು ಸಣ್ಣದಾದ ಮೇಲೆ ಹೂ ಬಿಡುವ ಗಿಡ. ಅದನ್ನು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತೇನೆ. ಪಾರಿಜಾತಕ್ಕೂ ಇದು ಕಾಲವಲ್ಲ. ಮಾಸ್ತರರು ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ. ಗುಂಪಿನಲ್ಲೇ, ಎಲ್ಲರಿಗೂ ಕಾಣುವಂತೆ ಬರೆದೆ: "ವೈನಿ, ಈ ಬಿಸಲಾಗ ಸೇವಂತಿಗಿ ಹ್ಯಾಂಗ ಅರಳ್ಯಾವ್ರಿ? ನಮಗೂ ಸ್ವಲ್ಪ ಹೇಳಿ ಕೊಡ್ರಿ."

ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಬೆಳಗಿನ ಮಾತಿನಲ್ಲಿ ಮೂವರ ದನಿಯೇ ಉಳಿಯಿತು. ಮಹಾದೇವಿ ಅಕ್ಕ ಎರಡು ಸಲ ಪ್ರಮೀಳಾಬಾಯಿ ಎಲ್ಲಿ ಎಂದು ಕೇಳಿದರು. ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಗೆದ್ದೆ ಅನ್ನಿಸಬೇಕಿತ್ತು. ಅದರ ಬದಲು ಮನೆಯಲ್ಲಿ ಕೂತರೆ ಏಳೋಣ, ಎದ್ದರೆ ಎಲ್ಲಿಗಾದರೂ ಹೋಗೋಣ ಅನ್ನಿಸತೊಡಗಿತು. ಅನ್ನಕ್ಕೆ ನೀರಿಟ್ಟು ಅಕ್ಕಿ ಹಾಕುವುದು ಮರೆತೆ. ನೀರು ಹಾಕಿದ ಗಿಡಕ್ಕೇ ಮತ್ತೆ ಹಾಕಿದೆ. ಐದನೆಯ ದಿನ ಬೆಳಗ್ಗೆ ಕರಿಬೇವಿನ ಒಂದು ಸಸಿಯನ್ನು ಚೀಲದಲ್ಲಿಟ್ಟುಕೊಂಡು, ಯಾರಿಗೂ ಹೇಳದೆ, ತಾಳಿಕೋಟೆಯ ಬಸ್ಸು ಹತ್ತಿದೆ. ಅಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳಕ್ಕೆ ಇಳಿದಾಗ ಹನ್ನೊಂದಾಗಿತ್ತು. ಕ್ಷಮೆ ಕೇಳಲು ಹೊರಟಿದ್ದೇನೆ ಎಂದುಕೊಂಡಿದ್ದೆ. ಖರೆ ಹೇಳಬೇಕೆಂದರೆ ಆ ಹಿತ್ತಲನ್ನು ಒಮ್ಮೆ ಕಣ್ಣಾರೆ ನೋಡಿ, ಅದು ಹೇಳಿದಷ್ಟು ಚೆಂದ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಆಸೆಯೂ ಇತ್ತು.

ಹಿಂದೆ ಕಡ್ಡಿ ಕಳಿಸುವಾಗ ಓಣಿಯ ಗುರುತು ಹೇಳಿದ್ದರು, ಮನೆ ಸಿಕ್ಕಿತು. ಬಾಗಿಲು ತೆಗೆದ ಪ್ರಮೀಳಾ ವೈನಿ ನನ್ನನ್ನೂ ಕೈಯಲ್ಲಿದ್ದ ಚೀಲವನ್ನೂ ನೋಡಿದರು. ಆಮೇಲೆ ಬರ್ರಿ ಅಂದರು. ನೀರು ಕೊಟ್ಟರು, ಚಹಾಕ್ಕಿಟ್ಟರು. ಅವರ ಯಜಮಾನರು ಅಂಗಡಿಗೆ ಹೋಗಿದ್ದರು. ಪಡಸಾಲೆ ಅಚ್ಚುಕಟ್ಟಾಗಿತ್ತು, ಆದರೆ ಅರ್ಧಕ್ಕೆ ಕಡಿದಂತೆ ಕಾಣುತ್ತಿತ್ತು. ನಡುಮನೆಯ ಹಿಂದಿನ ಬಾಗಿಲು ಇರಬೇಕಾದ ಜಾಗದಲ್ಲಿ ಹೊಸ ಇಟ್ಟಿಗೆ ತುಂಬಿ, ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು.

ನಾನು ಹಿತ್ತಲು ತೋರಿಸಿ ಎಂದೆ. ಬಿಸಿಲು ಇಳಿಯಲಿ ಎಂದರು. ಊಟ ಮಾಡಿ ಎಂದರು. ಊಟ ಮುಗಿಯಿತು. ಮತ್ತೆ ಕೇಳಿದೆ. ವೈನಿ ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ಹಿಂದಿನ ಕಡೆಗಲ್ಲ, ಮಾಳಿಗೆಯ ಮೆಟ್ಟಿಲಿನ ಕಡೆಗೆ ಕರೆದುಕೊಂಡು ಹೋದರು.

ಮೇಲೆ ಕಾಲು ಸುಡುತ್ತಿತ್ತು. ತುದಿಗೆ ನಿಂತು ಕೆಳಗೆ ನೋಡಿದೆ. ಮನೆಯ ಬೆನ್ನಿಗೆ ಒತ್ತಿಕೊಂಡು ಆಳೆತ್ತರದ ಇಟ್ಟಿಗೆ ಗೋಡೆ, ಈ ಕಡೆಯಿಂದ ಆ ಕಡೆಯ ತನಕ. ಗೋಡೆಯ ಆಚೆ ಹಿತ್ತಲು. ಫೋಟೋಗಳಲ್ಲಿ ನೋಡಿದ್ದ ಒಂದೊಂದು ಗಿಡವೂ ಅದರದರ ಜಾಗದಲ್ಲೇ ಇತ್ತು. ಪಾರಿಜಾತದ ಎಲೆ ಸುಕ್ಕುಗಟ್ಟಿ ಕೆಳಮುಖವಾಗಿತ್ತು. ಅಬ್ಬಲಿಗೆಯ ಸಾಲಿನಲ್ಲಿ ಎರಡೋ ಮೂರೋ ಜೀವ ಹಿಡಿದಿದ್ದವು. ಸೇವಂತಿಗೆ ಇದ್ದಲ್ಲಿ ಒಣ ಕಡ್ಡಿ. ನೆಲ ಬಿರಿದಿತ್ತು.

"ಇದರಿ ನನ್ನ ಹಿತ್ತಲ," ಅಂದರು ವೈನಿ.

ಸಂಕ್ರಾಂತಿ ಮುಗಿದ ಮೇಲೆ ಅಣ್ಣತಮ್ಮಂದಿರು ಪಾಲಾಗಿದ್ದರು. ದೊಡ್ಡ ಜಗಳವೇನೂ ಆಗಿರಲಿಲ್ಲ. ಹಿರಿಯರು ಕೂತು ಹಗ್ಗ ಹಿಡಿದು ಅಳೆದರು. ರಸ್ತೆಯ ಕಡೆಯ ಭಾಗ ದೊಡ್ಡವರಾದ ವೈನಿಯ ಯಜಮಾನರಿಗೆ, ಹಿತ್ತಲು ಮತ್ತು ಅದರಾಚೆ ಹಿಂದಿನ ಓಣಿಗೆ ತಾಗಿದ ಎರಡು ಕೋಣೆ ತಮ್ಮನಿಗೆ. ತಮ್ಮನ ಮನೆಗೆ ಹಿಂದಿನ ಓಣಿಯಿಂದ ಬಾಗಿಲು ಮಾಡಿದರು. ಗಿಡಗಳ ಮಾತು ಯಾರೂ ಎತ್ತಲಿಲ್ಲ. ಗೋಡೆ ಎದ್ದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟರು. ಅವರು ಬಿಟ್ಟರೆಂದು ಹೆಂಡಿರೂ ಬಿಟ್ಟರು. ಆ ತಮ್ಮನ ಹೆಂಡತಿ ಸುಮಿತ್ರಾಳೂ ವೈನಿಯೂ ಹತ್ತೊಂಬತ್ತು ವರ್ಷ ಒಂದೇ ಒಲೆಯಲ್ಲಿ ಅಡುಗೆ ಮಾಡಿದವರು.

"ಇಲ್ಲಿ ನಿಂತ ನೋಡ್ತಿದ್ದೆ, ನಿಮಗ ಹೇಳ್ತಿದ್ದೆ," ಅಂದರು ವೈನಿ, ಗಿಡಗಳ ಮೇಲಿಂದ ಕಣ್ಣು ತೆಗೆಯದೆ. "ಮೊದಮೊದಲ ಸುಳ್ಳ ಇರಲಿಲ್ರಿ. ಮಲ್ಲಿಗಿ ಬಿಟ್ಟಿತ್ತು, ಬಿಟ್ಟೈತಿ ಅಂದೆ. ಒಣಗಾಕತ್ತ ಮ್ಯಾಲೆ ಏನ ಹೇಳಬೇಕು ತಿಳೀಲಿಲ್ಲ. ಹಳೇ ಫೋಟೋ ಹಾಕಿದೆ."

ನಮಗೆ ಹೇಳಬಹುದಿತ್ತಲ್ಲ ಎಂದೆ.

"ಹೇಳಿದ್ರ ನೀವೂ ಅಯ್ಯೋ ಪಾಪ ಅಂತಿದ್ರಿ. ಓಣ್ಯಾಗ, ಬಳಗದಾಗ ಎಲ್ಲಾರೂ ಅದನ್ನ ಅಂತಾರ. ನೀವು ಮೂರ ಮಂದಿ ಅಷ್ಟ ನನ್ನ ಹಿತ್ತಲ ಹೆಂಗೈತಿ ಅಂತ ಕೇಳ್ತಿದ್ರಿ. ಕೇಳೋರನ್ನ ಕಳಕೊಳ್ಳಾಕ ಮನಸಾಗಲಿಲ್ರಿ."

ನನಗೆ ಮುಖ ಎತ್ತಲಾಗಲಿಲ್ಲ. ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ, ಕೇಳಿದ್ದರೂ ಅದು ಆ ಬಿಸಿಲಿನಲ್ಲಿ ಎಲ್ಲೋ ಹೋಗಿರಬೇಕು. ಇಳಿಯುವಾಗ ಅವರೇ ಹೇಳಿದರು: ಮಿರಗದ ಮಳೆ, ಅಂದರೆ ಮೃಗಶಿರಾ, ಕೂಡುವುದರೊಳಗೆ ಮೈದುನ ಹಿತ್ತಲನ್ನು ಸಾಫು ಮಾಡಿ ಅಲ್ಲಿ ಶೆಡ್ಡಿಗೆ ಬುನಾದಿ ಹಾಕಿಸುವವನಿದ್ದಾನೆ. ಹಾಗಾದರೆ ಇನ್ನು ಹದಿನೈದು ದಿನ. ನಾನೇ ಸುಮಿತ್ರಾಳ ಹತ್ತಿರ ಹೋಗಿ ಬೇರು, ಕಡ್ಡಿ ಏನು ಸಿಗುತ್ತದೋ ತರುತ್ತೇನೆ ಎಂದೆ. ವೈನಿ ನನ್ನ ಮುಂಗೈ ಹಿಡಿದರು. ಆ ಬಾಗಿಲಿಗೆ ತಮ್ಮ ಹೆಸರಿನಲ್ಲಿ ಯಾರೂ ಹೋಗಕೂಡದು, ಗುಂಪಿನವರಿಗೂ ಇದು ಗೊತ್ತಾಗಕೂಡದು ಎಂದು ಮಾತು ತೆಗೆದುಕೊಂಡರು. ನಾನು ಮಾತು ಕೊಟ್ಟೆ. ಕರಿಬೇವಿನ ಸಸಿಯನ್ನು ಎಲ್ಲಿಡಬೇಕೆಂದು ಇಬ್ಬರಿಗೂ ತೋಚದೆ, ಅದು ಬಚ್ಚಲ ಪಕ್ಕದ ಕಟ್ಟೆಯ ಮೇಲೆ ಉಳಿಯಿತು.

ಸಿಂದಗಿಗೆ ಬಂದ ಮೇಲೆ ನನ್ನ ಚಡಪಡಿಕೆ ಇಮ್ಮಡಿಯಾಯಿತು. ದಿನ ಎಣಿಸತೊಡಗಿದೆ. ಬೆಳಗ್ಗೆ ಗುಂಪಿನಲ್ಲಿ ಮಾಸ್ತರರು ಹವಾ ಕೇಳಿದರೆ, ಬಿಸಿಲು ಎಂದಷ್ಟೇ ಬರೆದು ಮೊಬೈಲ್ ಕೆಳಗಿಡುತ್ತಿದ್ದೆ. ವೈನಿ ಮತ್ತೆ ಒಂದೆರಡು ಸುದ್ದಿ ಕಳಿಸಿದರು, ಹಿತ್ತಲಿನ ಹೆಸರಿಲ್ಲದ ಸುದ್ದಿ. ಹಪ್ಪಳ ಮಾಡಿದೆವು, ಶ್ಯಾವಿಗೆ ಹೊಸೆದೆವು ಎಂದು. ಇಂಡಿಯಲ್ಲಿ ರೋಹಿಣಿ ಮಳೆ ಒಂದು ಸಂಜೆ ಗಾಳಿ ಎಬ್ಬಿಸಿ ಬಂದು, ಹತ್ತು ನಿಮಿಷ ಸುರಿದು, ಮಹಾದೇವಿ ಅಕ್ಕನ ಎರಡು ಲಿಂಬೆ ಗಿಡ ಬೀಳಿಸಿ ಹೋಯಿತು. ಸಿಂದಗಿಗೆ ಬರೀ ಧೂಳು ಬಂತು. ಆ ಶನಿವಾರ ಬಂದ ಯಜಮಾನರು, ನೀನು ಯಾಕೆ ಹೀಗೆ ಬಾಗಿಲಿಗೂ ಕಿಟಕಿಗೂ ಓಡಾಡುತ್ತೀ ಎಂದು ಕೇಳಿದರು. ಹೇಳಿದೆ. ಮಾತು ಕೊಟ್ಟ ಮೇಲೆ ಮುಗಿಯಿತು, ಅವರ ಮನೆಯ ವಿಷಯ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಸೋಮವಾರ ಅವರು ಬಸ್ಸು ಹತ್ತಿದ ಮೇಲೆ ಮಹಾದೇವಿ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವರು ಪೂರ್ತಿ ಕೇಳಿದರು. ಗುರುವಾರ ನಾನು ಗಾಡಿ ತರುತ್ತೇನೆ, ಸಿಂದಗಿಯಲ್ಲಿ ನಿಮ್ಮನ್ನು ಹತ್ತಿಸಿಕೊಂಡು ಬಾಗೇವಾಡಿ ಮೇಲೆ ಹೋಗೋಣ, ಮಾಸ್ತರರನ್ನೂ ಕರೆಯಿರಿ ಎಂದು ಫೋನ್ ಇಟ್ಟರು. ಮಾಸ್ತರರಿಗೂ ಫೋನ್ ಮಾಡಿ ಹೇಳಿದೆ.

"ನನಗ ಗೊತ್ತಿತ್ತು, ತಂಗಿ," ಅಂದರು. "ವೈಶಾಖದಾಗ ಯಾವ ಸೇವಂತಿಗಿ? ಏನೋ ಆಗೈತಿ, ಹೇಳೂ ಹೊತ್ತಿಗೆ ಹೇಳ್ತಾಳ ಅಂತ ಸುಮ್ನಿದ್ದೆ."

ನಾನೂ ಹಾಗೇ ಸುಮ್ಮನಿದ್ದಿದ್ದರೆ ಎಂದು ಆ ಮೂರು ದಿನ ಎಷ್ಟು ಸಲ ಅಂದುಕೊಂಡೆನೋ. ಸುಮ್ಮನಿದ್ದಿದ್ದರೆ ಗಿಡಗಳು ಹೋಗುತ್ತಿದ್ದವು. ಮಾತಾಡಿದರೆ ವೈನಿ ಹೋಗುತ್ತಾರೆ. ಎರಡರ ನಡುವೆ ನನ್ನ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಗುರುವಾರ ಮಹಾದೇವಿ ಅಕ್ಕನ ಜೀಪು ಮುದ್ದೇಬಿಹಾಳದ ಹಿಂದಿನ ಓಣಿಯಲ್ಲಿ ನಿಂತಿತು. ಸುಮಿತ್ರಾಳ ಬಾಗಿಲು ಬಡಿದದ್ದು ನಾನೇ. ನಲವತ್ತರ ಆಸುಪಾಸಿನ, ಸಣ್ಣ ಮೈಕಟ್ಟಿನ ಹೆಂಗಸು. ಗಂಡ ಊರಲ್ಲಿರಲಿಲ್ಲ. ಯಾರು ಎಂದು ಕೇಳಿದಳು. ನಾವು ಗಿಡ ಹಚ್ಚುವ ಮಂದಿ, ನಿಮ್ಮ ಹಿತ್ತಲನ್ನು ಸಾಫು ಮಾಡುತ್ತೀರಂತೆ, ಅದಕ್ಕೆ ಮೊದಲು ಬೇರು ಕಡ್ಡಿ ಕೊಟ್ಟರೆ ಒಯ್ಯುತ್ತೇವೆ ಎಂದೆ. ಅವಳು ನಮ್ಮ ಮೂವರ ಮುಖ ನೋಡಿ, ವೈನಿ ಕಳಿಸಿದರೇನು ಎಂದಳು. ಇಲ್ಲ, ಅವರಿಗೆ ಗೊತ್ತಾದರೆ ನನ್ನ ಜೊತೆ ಮಾತು ಬಿಡುತ್ತಾರೆ ಎಂದೆ. ಅದನ್ನು ಕೇಳಿ ಅವಳು ಬಾಗಿಲು ಪೂರ್ತಿ ತೆಗೆದಳು.

ಮಹಾದೇವಿ ಅಕ್ಕ ಸುತ್ತಿಬಳಸಿ ಮಾತಾಡುವವರಲ್ಲ. ಇಷ್ಟು ಗಿಡ ಕಣ್ಣೆದುರು ಒಣಗುತ್ತಿದ್ದರೆ ಒಂದು ಕೊಡ ನೀರು ಹಾಕಲು ಕೈ ಬರಲಿಲ್ಲವೇ ಎಂದು ಕೇಳಿಯೇಬಿಟ್ಟರು. ಸುಮಿತ್ರಾಳಿಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ವೈನಿ ದಿನಾ ಮುಂಜಾನೆ ಮಾಳಗಿ ಮ್ಯಾಲೆ ಬಂದ ನಿಂದರತಾರ್ರಿ," ಅಂದಳು. "ನಾ ಕೊಡ ಹಿಡಕೊಂಡ ಹೊರಗ ಬಂದ್ರ ನನ್ನ ಕೈಯನ್ನ ನೋಡಿದಂಗ ಆಗ್ತಿತ್ತು. ನೋಡು, ನನ್ನ ಗಿಡಕ್ಕ ಇಕಿ ಯಜಮಾನಿ ಆದ್ಲು ಅಂದಂಗ. ನಾಕ ದಿನ ಹಾಕಿದೆ. ಆಮ್ಯಾಲೆ ಹಿತ್ತಲ ಬಾಗಲಾನ ತೆಗೀಲಿಲ್ಲ."

ಆ ಬಾಗಿಲನ್ನು ಈಗ ತೆಗೆದಳು. ಹಾರೆ, ಸಲಿಕೆ ಅವಳೇ ತಂದುಕೊಟ್ಟಳು. ಒಂದು ಕೊಡ ನೀರನ್ನೂ ತಂದಿಟ್ಟಳು. ಮಹಾದೇವಿ ಅಕ್ಕ ಅಬ್ಬಲಿಗೆಯ ಕಡೆ ಹೋದರು. ನಾನು ಪಾರಿಜಾತದ ಕಡ್ಡಿ ಕತ್ತರಿಸತೊಡಗಿದೆ. ಮಾಸ್ತರರು ಮಲ್ಲಿಗೆಯ ಬುಡಕ್ಕೆ ಹಾರೆ ಎತ್ತಿದರು.

"ಮಾಸ್ತರ್ರ, ಅಲ್ಲಿ ಬ್ಯಾಡ್ರಿ."

ಎಲ್ಲರೂ ಮೇಲೆ ನೋಡಿದೆವು. ಮಾಳಿಗೆಯ ತುದಿಯಲ್ಲಿ ಪ್ರಮೀಳಾ ವೈನಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವರು ನನ್ನ ಕಡೆ ನೋಡಲಿಲ್ಲ.

"ಅದರ ಬೇರು ಬಡಗಣ ಕಡೆ ಹೋಗ್ಯಾವ. ಒಂದ ಮೊಳ ಬಿಟ್ಟ ಹಾರಿ ಹಾಕ್ರಿ," ಅಂದರು.

ಮಾಸ್ತರರು ಹಾರೆ ಸರಿಸಿದರು. ಆಗ ಸುಮಿತ್ರಾ, ತಲೆ ಎತ್ತದೆ, ನೆಲಕ್ಕೆ ಹೇಳಿದಂತೆ ಹೇಳಿದಳು: "ಅಲ್ಲಿ ಕಲ್ಲ ಐತಿ. ಅರಿವಿ ಒಗಿಯೂ ಕಲ್ಲ ಒಡದಾಗ ಹುಗದಿದ್ವಲ್ಲ."

ವೈನಿ ಇನ್ನೊಂದು ಹೆಜ್ಜೆ ತುದಿಗೆ ಸರಿದು ಬಗ್ಗಿ ನೋಡಿದರು.

"ಹೌದು," ಎಂದರು ವೈನಿ ಕೊನೆಗೆ. "ಮರತಿದ್ದೆ. ತುಸು ಬಲಕ್ಕ ಹಿಡೀರಿ ಮಾಸ್ತರ್ರ."

ಅಷ್ಟೇ. ಅವರು ಇಳಿದು ಬರಲಿಲ್ಲ, ಇವಳು ಮೇಲೆ ನೋಡಲಿಲ್ಲ. ಒಂದೂವರೆ ತಾಸು ನಾವು ಅಗೆದೆವು. ವೈನಿ ಬಿಸಿಲಿನಲ್ಲಿ ನಿಂತೇ ಇದ್ದರು, ಒಮ್ಮೊಮ್ಮೆ ಮಾಸ್ತರರ ಹೆಸರಿನಲ್ಲಿ ಏನಾದರೂ ಹೇಳುತ್ತಿದ್ದರು. ಸುಮಿತ್ರಾ ಬೇರುಗಳಿಗೆ ಮಣ್ಣು ಮೆತ್ತಿ, ತನ್ನ ಹಳೆಯ ಸೀರೆ ಹರಿದು ಸುತ್ತಿ ಕೊಟ್ಟಳು. ಹೊರಡುವಾಗ ಅಬ್ಬಲಿಗೆಯ ಒಂದು ಗಂಟನ್ನು ಬೇರೆ ತೆಗೆದು ನನ್ನ ಕೈಗಿಟ್ಟು, ಮುಂದಿನ ಬಾಗಿಲಿಗೆ ಕೊಟ್ಟು ಹೋಗಿ, ನಾನು ಕೊಟ್ಟೆ ಎನ್ನಬೇಡಿ ಎಂದಳು.

ಜೀಪನ್ನು ಓಣಿಯ ತಿರುವಿನಲ್ಲಿ ನಿಲ್ಲಿಸಿ ನಾನೊಬ್ಬಳೇ ಮುಂದಿನ ಬಾಗಿಲಿಗೆ ಹೋದೆ. ವೈನಿಯ ಮುಖ ಬಿಸಿಲಿಗೆ ಕೆಂಪಾಗಿತ್ತು. ಗಂಟನ್ನು ತೆಗೆದುಕೊಂಡರು. ಅದಕ್ಕೆ ಸುತ್ತಿದ ಸೀರೆಯ ಚೂರನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಅದು ಯಾರ ಸೀರೆ ಎಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

"ನೀವು ಮಾತ ಕೊಟ್ಟಿದ್ರಿ, ಇಂದಿರಾಬಾಯಿ," ಅಂದರು. ಬಾಗಿಲು ಮುಚ್ಚಿಕೊಂಡರು.

ಮಿರಗ ಕೂಡುವ ಮುಂಚಿನ ದಿನ ಹಿತ್ತಲು ಸಾಫಾಯಿತು. ಪಾರಿಜಾತವನ್ನು ಕಡಿದರು. ಸುಮಿತ್ರಾ ಆ ದಿನ ತವರಿಗೆ ಹೋಗಿದ್ದಳಂತೆ. ವೈನಿ ಮಾಳಿಗೆಗೆ ಹತ್ತಲಿಲ್ಲವಂತೆ. ಇದೆಲ್ಲ ನನಗೆ ಮಹಾದೇವಿ ಅಕ್ಕನಿಂದ ಗೊತ್ತಾದದ್ದು. ವೈನಿ ಅವರ ಫೋನ್ ಎತ್ತುತ್ತಿದ್ದರು, ನನ್ನದನ್ನು ಎತ್ತುತ್ತಿರಲಿಲ್ಲ. ಗುಂಪಿನಲ್ಲಿ ಒಂದು ಅಕ್ಷರವನ್ನೂ ಬರೆಯಲಿಲ್ಲ.

ಶಾಲೆ ಶುರುವಾಯಿತು. ಮಿರಗ ಬರೀ ಗಾ‌ಳಿಯಲ್ಲಿ ಹೋಯಿತು. ಮುಸ್ಸಂಜೆ ದಿನಾ ಮೋಡ ಕಟ್ಟುತ್ತಿತ್ತು, ಜನ ಕಟ್ಟೆಯ ಮೇಲೆ ಬಂದು ನಿಲ್ಲುತ್ತಿದ್ದರು, ಅದು ಚದುರುತ್ತಿತ್ತು. ನಾವು ತಂದ ಬೇರುಗಳಲ್ಲಿ ಹೆಚ್ಚಿನವು ಹೋದವು. ಪಾರಿಜಾತದ ಒಂದು ಕಡ್ಡಿಯೂ ಚಿಗುರಲಿಲ್ಲ. ಇಂಡಿಯಲ್ಲಿ ಅಬ್ಬಲಿಗೆ ಹಿಡಿಯಿತು. ಮಾಸ್ತರರ ಸೇವಂತಿಗೆಯ ಒಣಕಡ್ಡಿಯ ಬುಡದಲ್ಲಿ ಒಂದೇ ಒಂದು ಮೊಳಕೆ ಇತ್ತಂತೆ, ಅದು ಉಳಿಯಿತು. ನನ್ನ ಪಾಲಿಗೆ ಬಂದ ಮಲ್ಲಿಗೆಯ ತುಂಡು ಬಣ್ಣದ ಬಕೆಟ್ಟಿನಲ್ಲಿ ಸತ್ತಂತೆ ನಿಂತಿತ್ತು. ಬೆಳಗ್ಗೆ ಒಮ್ಮೆ, ಶಾಲೆಯಿಂದ ಬಂದ ಕೂಡಲೇ ಒಮ್ಮೆ, ಉಗುರಿನಿಂದ ತೊಗಟೆ ಕೆರೆದು ಹಸಿರಿದೆಯೇ ಎಂದು ನೋಡುತ್ತಿದ್ದೆ. ಹಾಗೆ ಕೆರೆದರೆ ಗಿಡಕ್ಕೆ ಗಾಯ ಎಂದು ಗೊತ್ತಿದ್ದೂ ಕೈ ಸುಮ್ಮನಿರುತ್ತಿರಲಿಲ್ಲ.

ಆರಿದ್ರಾ ಮಳೆ ಹಿಡಿಯಿತು. ಎರಡು ದಿನ ಬಿಡದೆ ಸಣ್ಣಗೆ ಸುರಿಯಿತು. ಮೂರನೆಯ ಬೆಳಗ್ಗೆ ಮಲ್ಲಿಗೆಯ ಗೆಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಚಿಗುರು ಕಂಡಿತು. ಫೋಟೋ ತೆಗೆದೆ. ಗುಂಪಿಗೆ ಹಾಕಲು ಧೈರ್ಯ ಬರಲಿಲ್ಲ. ವೈನಿಗೆ ಮಾತ್ರ ಕಳಿಸಿದೆ, ಜೊತೆಗೆ ಒಂದು ಮಾತೂ ಬರೆಯದೆ. ಆ ದಿನ ಉತ್ತರ ಬರಲಿಲ್ಲ. ಮರುದಿನ ಮಧ್ಯಾಹ್ನ ತರಗತಿ ಮುಗಿಸಿ ಬಂದು ನೋಡಿದರೆ ಅವರ ಅಕ್ಷರ ಇತ್ತು.

"ಬಕೀಟ ಸಣ್ಣದಾತ್ರಿ. ಬದಲಸ್ರಿ."

ಶಿಕ್ಷಕರ ಕೋಣೆಯಲ್ಲಿ ನಾನು ಕಣ್ಣು ಒರೆಸಿಕೊಂಡದ್ದನ್ನು ನೋಡಿ, ಮನೆಯಲ್ಲಿ ಎಲ್ಲ ಆರಾಮವಷ್ಟೇ ಎಂದು ಯಾರೋ ಕೇಳಿದರು. ಆರಾಮ ಎಂದೆ. ಆ ಸಂಜೆಯೇ ದೊಡ್ಡ ಟಬ್ಬು ತಂದೆ.

ಕೆಲ ದಿನಗಳಲ್ಲಿ ವೈನಿ ಗುಂಪಿಗೂ ಮರಳಿದರು. ಮಾಳಿಗೆಯ ಮೇಲೆ ಕುಂಡಗಳನ್ನು ಇಟ್ಟಿದ್ದರು. ಕರಿಬೇವು, ಅಬ್ಬಲಿಗೆ, ಮಾಸ್ತರರು ಕಳಿಸಿದ ಒಂದು ಗುಲಾಬಿ. ಹೂ ಎಷ್ಟು ಬಿಟ್ಟವು ಎಂದು ಮೊದಲಿನಂತೆ ಎಣಿಸಿ ಹೇಳುತ್ತಿರಲಿಲ್ಲ. ನನ್ನ ಜೊತೆ ಮಾತು ಇತ್ತು, ಮೊದಲಿಗಿಂತ ಒಂದು ಗೇಣು ದೂರದಿಂದ. ಅದು ನನಗೆ ಸಲ್ಲಬೇಕಾದದ್ದೇ ಎಂದುಕೊಂಡು ಸುಮ್ಮನಿದ್ದೆ.

ಶ್ರಾವಣದಲ್ಲಿ ಒಂದು ಬೆಳಗ್ಗೆ ಮಹಾದೇವಿ ಅಕ್ಕ ಯಾರನ್ನೂ ಕೇಳದೆ ಸುಮಿತ್ರಾಳನ್ನು ಗುಂಪಿಗೆ ಸೇರಿಸಿಬಿಟ್ಟರು. ಮೂರು ದಿನ ಗುಂಪಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಸುಮಿತ್ರಾ ಒಂದು ಫೋಟೋ ಹಾಕಿದಳು. ಅವಳ ಬಾಗಿಲ ಮುಂದಿನ ಡಬ್ಬಿಯಲ್ಲಿನ ತುಳಸಿ, ಎಲೆಯೆಲ್ಲ ಹಳದಿ. ಏನು ಮಾಡಬೇಕು ಎಂದು ಕೇಳಿದ್ದಳು. ನಮ್ಮ ಮೂವರಿಗೂ ಉತ್ತರ ಗೊತ್ತಿತ್ತು. ಯಾರೂ ಬರೆಯಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಪ್ರಮೀಳಾ ವೈನಿ ಬರೆದರು: "ಬುಡಕ್ಕ ನೀರ ನಿಂತಿರಬೇಕ್ರಿ. ಡಬ್ಬಿಗೆ ತೂತ ಮಾಡ್ರಿ, ಮಣ್ಣ ಸಡಲ ಮಾಡ್ರಿ."

ಹತ್ತೊಂಬತ್ತು ವರ್ಷ ನೀನು, ಬಾ, ಹೋಗು ಎಂದು ಕರೆದ ನೆಗೆಣ್ಣಿಗೆ ಅವರು ಒಂದೇ ಉಸಿರಿಗೆ ಮೂರು ಸಲ ರಿ ಹಚ್ಚಿದ್ದರು. ಸುಮಿತ್ರಾಳೂ ಹೂಂನ್ರಿ, ಮಾಡ್ತೀನ್ರಿ ಎಂದಳು. ಅಲ್ಲಿಂದ ಮುಂದೆ ಅವರಿಬ್ಬರೂ ಹೀಗೇ ಮಾತಾಡತೊಡಗಿದರು, ಬೇರೆ ಬೇರೆ ಊರಿನವರ ಹಾಗೆ, ಪರಿಚಯದವರ ಹಾಗೆ. ಎದುರಿಗೆ ಸಿಕ್ಕರೆ ಮಾತಿಲ್ಲ, ಗೋಡೆ ಗೋಡೆಯಾಗಿಯೇ ಇತ್ತು, ಗಂಡಂದಿರು ಹಾಗೇ ಇದ್ದರು. ನಾವು ಮೂವರು ಅದರ ಬಗ್ಗೆ ಒಬ್ಬರಿಗೊಬ್ಬರು ಏನೂ ಹೇಳಿಕೊಳ್ಳಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಸಂಜೆ ನಾನು ಬಟ್ಟೆ ಮಡಚುತ್ತಿದ್ದೆ, ಯಜಮಾನರು ಪೇಪರ್ ಓದುತ್ತಿದ್ದರು. ಮೊಬೈಲ್ ಸದ್ದಾಯಿತು. ವೈನಿ ಕೇಳಿದ್ದರು, ಯಾರ ಹೆಸರೂ ಹಾಕದೆ: "ನಿಮ್ಮ ಕಡೆ ಮೋಡ ಐತೇನ್ರಿ?"

ಇಂಡಿಯಲ್ಲಿ ಇಲ್ಲ ಎಂದರು ಮಹಾದೇವಿ ಅಕ್ಕ. ಬಾಗೇವಾಡಿಯಲ್ಲಿ ತೆಳ್ಳಗೆ ಇದೆ ಎಂದರು ಮಾಸ್ತರರು. ನಾನು ಇನ್ನೂ ಕಿಟಕಿಯ ಹತ್ತಿರ ಹೋಗಿ ನೋಡುತ್ತಿದ್ದೆ. ಅಷ್ಟರಲ್ಲಿ ಸುಮಿತ್ರಾ ಬರೆದಳು: "ಭಾಳ ಐತ್ರಿ ವೈನಿ. ನಿಮ್ಮ ಕಡೆನ ಹೊಂಟೈತಿ. ಮಾಳಗಿ ಮ್ಯಾಲೆ ಅರಿವಿ ಇದ್ರ ತಗೀರಿ."

ವೈನಿ ಬಹುಶಃ ಬಟ್ಟೆ ತೆಗೆಯಲು ಮಾಳಿಗೆಗೆ ಹೋಗಿದ್ದರು. ಆಮೇಲೆ ವೈನಿಯ ದನಿ ಬಂತು, ಮೆಟ್ಟಿಲು ಇಳಿದ ಏದುಸಿರು ಇನ್ನೂ ಇತ್ತು, ಹಿಂದೆ ಹನಿ ಬೀಳುವ ಸದ್ದು.

"ಹೂಂ, ತಗದೆ. ನಿನ್ನವೂ ಹೊರಗ ಅದಾವ, ಸುಮಿ. ತಗಿ."